ಚಕ್ಲಿಗೆ ಕೊಬ್ಬು ಅಂತ ಬರೆದವನು ನಾನೇ

ಮೊದಲೇ ಒಪ್ಕೊಂಡುಬಿಡ್ತೀನಿ. ನಾಲ್ಕು ವರ್ಷದ ಒಂದು ಹೆಣ್ಣು ಕುದುರೆಗೆ ಬೆನ್ನು ನೋವಿತ್ತು. ಅದನ್ನ ನೋಡಿ ನಾನು ರಿಜಿಸ್ಟರಲ್ಲಿ ಏನು ಬರೆದೆ ಗೊತ್ತಾ? "ಕೊಬ್ಬು ಜಾಸ್ತಿ. ಸ್ಕೂಲಿಗೆ ಆಗಲ್ಲ. ಕೊಟ್ಟುಬಿಡೋದು ವಾಸಿ." ಬರೆದು, ಕೆಳಗೆ ಎರಡು ಗೀಟು ಎಳೆದು, ಪಕ್ಕದಲ್ಲಿ ಉದ್ದ ಬಾಲ ಬಿಟ್ಟು ಸೈನ್ ಬೇರೆ ಹಾಕಿದೆ. ಪೆನ್ನು ನಂದೇ, ಕೈ ನಂದೇ. ತಲೆ ಮಾತ್ರ ಆವತ್ತು ರಜದ ಮೇಲಿತ್ತು.

ನಾನು ಪ್ರಸಾದ, ತಿಲಕ್ ನಗರದವನು. ಬೇಗೂರು ಕೆರೆ ದಾಟಿ ಸ್ವಲ್ಪ ಮುಂದೆ, ಒಂದು ಪುಟ್ಟ ರೈಡಿಂಗ್ ಸ್ಕೂಲಲ್ಲಿ ಹನ್ನೊಂದು ವರ್ಷ ಕುದುರೆ ಸವಾರಿ ಕಲಿಸ್ತಿದ್ದೆ. ಮೂವತ್ಮೂರನೇ ವಯಸ್ಸಿಗೆ ರಿಟೈರ್ ಆದೆ. ನಗ್ಬೇಡಿ. ಕ್ರಿಕೆಟ್ ಆಡೋರು ಆ ವಯಸ್ಸಿಗೆ ಆದ್ರೆ ಯಾರೂ ನಗಲ್ಲ. ಅವರಿಗೆ ಹಾರ ಹಾಕಿ ಕಳಿಸ್ತಾರೆ, ನಂಗೆ ಸೊಂಟಕ್ಕೆ ಬೆಲ್ಟ್ ಹಾಕಿ ಕಳಿಸಿದ್ರು, ಅಷ್ಟೇ ವ್ಯತ್ಯಾಸ. ಈಗ ಆ ಸ್ಕೂಲಿಗೆ ಹೊಸದಾಗಿ ಇಬ್ಬರು ಸೇರಿದ್ದಾರೆ. ಹೋದ ವಾರ ಮನೆಗೆ ಬಂದು, "ಅಣ್ಣ, ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಅಂತ ಸ್ವಲ್ಪ ಬರ್ದುಕೊಡಿ" ಅಂದ್ರು. ಅದಕ್ಕೇ ಈಗ ಮಂಚದ ಮೇಲೆ ಬೋರಲಾಗಿ ಮಲಗಿ ಬರೀತಿದೀನಿ. ಕೂತು ಬರಿಯೋ ಭಾಗ್ಯ ಡಾಕ್ಟರು ಕೊಟ್ಟಿಲ್ಲ.

ಕೆಲಸಕ್ಕೆ ಸೇರಿದ್ದೇ ಒಂದು ಸುಳ್ಳಿನಿಂದ. "ಕುದುರೆ ಗೊತ್ತಾ?" ಅಂತ ಮಾಸ್ಟರ್ ಕೇಳಿದ್ರು. ಮಾಸ್ಟರ್ ಅಂದ್ರೆ ಸ್ಕೂಲಿನ ಯಜಮಾನರು. ಮಿಲಿಟರೀಲಿ ಕುದುರೆ ಪಡೆಯಲ್ಲಿದ್ದು ಬಂದವರು, ಮನೆ ಬನಶಂಕರಿ. ಮೀಸೆ ಎರಡೂ ಕಡೆ ಒಂದೇ ಅಳತೆ. "ಚಿಕ್ಕೋನಿದ್ದಾಗಿಂದ ಗೊತ್ತು ಸಾರ್" ಅಂದೆ. ನಂಗೆ ಗೊತ್ತಿದ್ದ ಕುದುರೆ ಪಾರ್ಕಲ್ಲಿ ಸ್ಪ್ರಿಂಗ್ ಮೇಲೆ ಕೂರಿಸಿರ್ತಾರಲ್ಲ, ಅದು. "ಹತ್ತು" ಅಂದ್ರು. ಎಡಗಾಲು ಇಡಬೇಕಾದ ಕಡೆ ಬಲಗಾಲು ಇಟ್ಟೆ, ಜೋರಾಗಿ ನೆಗೆದೆ, ಕೂತೆ. ಕಣ್ಣು ಬಿಟ್ಟು ನೋಡಿದ್ರೆ ಎದುರಿಗೆ ಬಾಲ. ಮಾಸ್ಟರ್ ನಗಲೇ ಇಲ್ಲ. "ಸರಿ, ಬಂದ ದಾರಿಯಾದ್ರೂ ಚೆನ್ನಾಗಿ ಕಾಣುತ್ತೆ. ನಾಳೆ ಆರು ಗಂಟೆಗೆ ಬಾ" ಅಂದ್ರು.

ಹಿಂಗೆ ಶುರುವಾದವನು ಏಳು ವರ್ಷದಲ್ಲಿ ಸ್ಕೂಲಿನ ದೊಡ್ಡ ಟೀಚರ್ ಆದೆ. ಹೆಂಗಾದೆ ಅನ್ನೋದು ಇಲ್ಲಿ ಬೇಡ. ನನಗಿಂತ ಸೀನಿಯರ್ ಆಗಿದ್ದವರು ಒಬ್ಬೊಬ್ಬರೇ ಬಿಟ್ಟು ಹೋದ್ರು, ನಾನು ಎಲ್ಲೂ ಹೋಗದೆ ಉಳಿದೆ, ಅಷ್ಟೇ. ಆ ವರ್ಷ ಮಾಸ್ಟರ್ ತಮ್ಮ ಸ್ವಂತ ಸ್ಯಾಡಲ್, ಅಂದ್ರೆ ಕುದುರೆ ಬೆನ್ನಿಗೆ ಹಾಕೋ ಜೀನು, ತಂದು ನನ್ನ ಕೈಗಿಟ್ಟರು. ಪಡೆಯಲ್ಲಿದ್ದಾಗ ತಮ್ಮ ಸಂಬಳದಲ್ಲಿ ಮಾಡಿಸಿದ್ದು. ಚರ್ಮ ಎಷ್ಟು ನಯ ಅಂದ್ರೆ ಅದರಲ್ಲಿ ಮುಖ ನೋಡ್ಕೊಂಡು ಶೇವ್ ಮಾಡಬಹುದು. "ಚೆನ್ನಾಗಿ ನೋಡ್ಕೋ" ಅಂದ್ರು. ನಮ್ಮಮ್ಮ ಅದಕ್ಕೆ ಕುಂಕುಮ ಇಟ್ಟಳು. ಸ್ಕೂಟರಲ್ಲಿ ಅದನ್ನ ಮುಂದೆ ಇಟ್ಕೊಂಡು ಹೋಗ್ತಿದ್ರೆ ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ಜನ ಕೇಳೋರು, "ಅಣ್ಣ, ಕುದುರೆ ಎಲ್ಲಿ?" ಅಂತ. "ಹಿಂದೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದೆ" ಅಂತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಚಕ್ಲಿ ಬಂದಳು. ಕಾಗದದಲ್ಲಿ ಅವಳದು ಯಾವುದೋ ಮಹಾರಾಣಿ ಹೆಸರು, ಇಂಗ್ಲಿಷಲ್ಲಿ ಒಂದೂವರೆ ಸಾಲು. ಬಂದ ಮೊದಲನೇ ದಿನ ಕಟ್ಟಿದ ಹಗ್ಗದ ಸುತ್ತ ಸುತ್ತಿ ಸುತ್ತಿ ತನ್ನನ್ನೇ ಸುರುಳಿ ಮಾಡ್ಕೊಂಡು ನಿಂತಿದ್ಲು. ಅದನ್ನ ಬಿಡಿಸ್ತಾ ಶರಣಪ್ಪಣ್ಣ, "ಇದೇನು ಚಕ್ಲಿ ಆಗ್ಯಾಳಲ್ರಿ ಸರ" ಅಂದ್ರು. ಅಲ್ಲಿಂದ ಅದೇ ಹೆಸರು. ಶರಣಪ್ಪಣ್ಣ ನಮ್ಮ ಸೈಸ್, ಅಂದ್ರೆ ಕುದುರೆ ತೊಳೆಯೋದು, ಮೇವು ಹಾಕೋದು, ಲಾಯ ನೋಡ್ಕೊಳ್ಳೋದು ಎಲ್ಲಾ ಅವರೇ. ಕಲಬುರಗಿ ಕಡೆಯವರು, ಬಿಟಿಎಂನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಹೆಂಡತಿ ಜೊತೆ ಇದ್ರು. ಮಾತು ಕಮ್ಮಿ. ಆಡಿದ್ರೆ ನಮಗೆ ಕಮ್ಮಿ, ಕುದುರೆಗೆ ಜಾಸ್ತಿ.

ಚಕ್ಲಿ ಮೊದಲ ಆರು ತಿಂಗಳು ಬಂಗಾರ. ಬೂದು ಬಣ್ಣ, ಮೈ ಮೇಲೆ ನಾಣ್ಯ ಚೆಲ್ಲಿದಂಗೆ ಮಚ್ಚೆ. ಹೇಳಿದ್ದು ಕೇಳೋಳು. ನಾನು ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೇ ತಿರುಗಿದ್ದು, "ನನ್ನ ಟ್ರೈನಿಂಗ್ ಗುರು" ಅಂತ. ಆಮೇಲೆ ಬದಲಾದ್ಲು. ಮಾಸ್ಟರ್ ಕೊಟ್ಟ ಸ್ಯಾಡಲ್ ತಗೊಂಡು ಹೋದ್ರೆ ಸಾಕು, ಕಿವಿ ಎರಡೂ ಹಿಂದಕ್ಕೆ ಅಂಟಿಸೋಳು. ನಾನಂದೆ, ಸೋಮಾರಿತನ. ಹೊಟ್ಟೆಪಟ್ಟಿ ಬಿಗಿದ್ರೆ ತಿರುಗಿ ಗಾಳಿ ಕಚ್ಚೋಳು. ನಾನಂದೆ, ಧಿಮಾಕು. ಮೇಲೆ ಹತ್ತಿ ಕೂತ್ರೆ ಬೆನ್ನು ಕೆಳಗೆ ಜಗ್ಗಿ ಒಂದು ಕ್ಷಣ ಹಂಗೇ ನಿಲ್ಲೋಳು. ನಾನಂದೆ, ನಾಟಕ. ನಡೆಯೋವಾಗ ಪರವಾಗಿಲ್ಲ, ಟ್ರಾಟ್ ಅಂದ್ರೆ ಕುಲುಕುತ್ತಾ ಸಣ್ಣಗೆ ಓಡೋದು, ಅದೂ ಹೆಂಗೋ ಸರಿ. ಕ್ಯಾಂಟರ್ ಅಂದ್ರೆ ಮುಂದಿನ ವೇಗಕ್ಕೆ ಹೋಗೋವಾಗ ನಾನು ಸ್ಯಾಡಲಲ್ಲಿ ಭಾರ ಬಿಟ್ಟು ಕೂತ ತಕ್ಷಣ ಹಿಂದಿನ ಕಾಲು ಎರಡೂ ಆಕಾಶಕ್ಕೆ. ನಾನಂದೆ... ಏನೂ ಅನ್ನಲಿಲ್ಲ, ಬಾಯಿ ತುಂಬ ಮಣ್ಣಿತ್ತು.

ಇಲ್ಲಿ ನನ್ನ ಬುದ್ಧಿವಂತಿಕೆ ನೋಡಿ. ಪಾಪ, ಸ್ಯಾಡಲ್ ಒತ್ತುತ್ತೇನೋ ಅಂತ ಒಂದು ದಿನ ನಂಗೂ ಅನ್ನಿಸ್ತು. ಅನ್ನಿಸಿದ್ದೇನೋ ಸರಿ. ಅದಕ್ಕೆ ನಾನು ಮಾಡಿದ್ದು, ಕೆಳಗೆ ಇನ್ನೊಂದು ಪ್ಯಾಡ್ ಹಾಕಿದ್ದು. ಅವಳು ಇನ್ನೂ ಜೋರಾಗಿ ಒದ್ದಳು. ಅದರ ಮೇಲೆ ಸ್ಪಂಜಿಂದು ಒಂದು ಹಾಕಿದೆ. ಇನ್ನೂ ಜೋರು. ಮಡಿಚಿದ ಟವೆಲ್ ಹಾಕಿದೆ. ಕೊನೆಗೆ ನಮ್ಮನೆ ಉಣ್ಣೆ ಕಂಬಳಿಯ ಒಂದು ತುಂಡು. ಅಷ್ಟು ಹೊತ್ತಿಗೆ ನಾನು ಕುದುರೆ ಮೇಲಲ್ಲ, ಮಹಡಿ ಮೇಲೆ ಕೂತಂಗಿದ್ದೆ. ಆಮೇಲೆ ಗೊತ್ತಾಯ್ತು, ಬಿಗಿ ಶೂ ಕಚ್ಚುತ್ತೆ ಅಂತ ಮೂರು ಜೊತೆ ಸಾಕ್ಸ್ ಹಾಕ್ಕೊಂಡು ಅದೇ ಶೂನಲ್ಲಿ ಕಾಲು ತುರುಕಿದ ಕೆಲಸ ಅದು. ಆವತ್ತು ಮಾತ್ರ ನಾನು ಶರಣಪ್ಪಣ್ಣನ ಹತ್ರ, "ನೋಡಿ ಅಣ್ಣ, ಇಷ್ಟು ಸುಖ ಕೊಟ್ಟರೂ ಒದೀತಾಳೆ ಅಂದ್ರೆ ಇದು ಕೊಬ್ಬಲ್ದೆ ಇನ್ನೇನು?" ಅಂದೆ. ಅವರು ಏನೋ ಹೇಳಕ್ಕೆ ಬಾಯಿ ತೆಗೆದು, ನನ್ನ ಮುಖ ನೋಡಿ, ಬಕೆಟ್ ಎತ್ಕೊಂಡು ಹೋದ್ರು.

ಕಂಬಳಿ ಹಾಕಿದ ದಿನ ಭಾನುವಾರ. ಜಯನಗರ, ಜೆಪಿ ನಗರದಿಂದ ಬಂದ ಹನ್ನೆರಡು ಜನ ಕಲಿಯೋರು ಬೇಲಿ ಹತ್ರ ಸಾಲಾಗಿ ನಿಂತಿದ್ರು. "ಕ್ಯಾಂಟರ್‌ನಲ್ಲಿ ಹೆಂಗೆ ಆರಾಮಾಗಿ ಕೂರಬೇಕು, ಎಲ್ಲರೂ ನೋಡಿ" ಅಂತ ಕೂಗಿದೆ. ನೋಡಿದ್ರು. ಗಾಳೀಲಿ ನಾನು ಎಷ್ಟು ಹೊತ್ತಿದ್ದೆ ಅಂದ್ರೆ, ಕೆಳಗೆ ಬರೋದ್ರೊಳಗೆ ಅಮ್ಮನಿಗೆ ಹೇಳಕ್ಕೆ ಮೂರು ಬೇರೆ ಬೇರೆ ಸುಳ್ಳು ರೆಡಿ ಮಾಡ್ಕೊಂಡಿದ್ದೆ. ಬಿದ್ದಿದ್ದು ಕುದುರೆಗಳು ನೀರು ಕುಡಿಯೋ ತೊಟ್ಟಿಗೆ. ಒಬ್ಬರು ಚಪ್ಪಾಳೆ ತಟ್ಟಿದ್ರು, ಪಾಠದ ಭಾಗ ಅಂದ್ಕೊಂಡು.

ಒದ್ದೆ ಬಟ್ಟೇಲೇ ಆಫೀಸ್ ರೂಮಿಗೆ ಹೋಗಿ ರಿಜಿಸ್ಟರ್ ತೆಗೆದು ಆ ಸಾಲು ಬರೆದೆ. ಹಾಳೆ ಮೇಲೆ ಇವತ್ತಿಗೂ ನೀರು ತೊಟ್ಟಿಕ್ಕಿದ ಕಲೆ ಇದೆ. ಮಾಸ್ಟರ್ ಕನ್ನಡಕ ಹಾಕ್ಕೊಂಡು ಓದಿದ್ರು. "ಖಂಡಿತಾನಾ?" ಅಂದ್ರು.

"ಖಂಡಿತ ಮಾಸ್ಟರ್. ಮಕ್ಕಳನ್ನ ಕೂರಿಸಿದ್ರೆ ಅನಾಹುತ ಆಗುತ್ತೆ."

"ನಿನ್ನ ಮಾತು ನಂಬ್ತೀನಿ" ಅಂದ್ರು. ಅಷ್ಟೇ. ಆವತ್ತೇ ಫೋನ್ ಮಾಡಿದ್ರು. ಮಡಿವಾಳದ ಕಡೆ ಮದುವೆ ಮೆರವಣಿಗೆಗೆ ಕುದುರೆ ಕಳಿಸೋ ಒಬ್ಬರಿದ್ರು. ಅವರು ಬಂದು ಚಕ್ಲೀನ ಸುತ್ತ ನೋಡಿ, "ಬೂದು ಕುದುರೆ ದೊಡ್ಡದಾಗ್ತಾ ಬೆಳ್ಳಗಾಗುತ್ತೆ, ನಮಗೆ ಬೇಕಾಗಿದ್ದೂ ಅದೇ" ಅಂದ್ರು. ಇನ್ನು ಎಂಟು ದಿನಕ್ಕೆ ಟೆಂಪೋ ತರ್ತೀನಿ ಅಂತ ಹೇಳಿ ಹೋದ್ರು. ಅವರದು ಏನೂ ತಪ್ಪಿಲ್ಲ, ಅವರ ಕೆಲಸ ಅವರದು. ಆದ್ರೆ ಬೆನ್ನು ನೋಯೋ ಕುದುರೆ ಮೇಲೆ ಮಣಗಟ್ಟಲೆ ಜರಿ ಸ್ಯಾಡಲ್ಲು, ಅದರ ಮೇಲೆ ಮಂಟಪಕ್ಕೆ ಮುಂಚೆ ನಾಲ್ಕು ಸಲ ಊಟ ಮಾಡಿರೋ ಮದುಮಗ, ಕಿವಿ ಪಕ್ಕ ಡ್ರಮ್ಮು, ಕಾಲ ಕೆಳಗೆ ಪಟಾಕಿ. ಅವಳು ಅಲ್ಲಿ ಒಂದು ಸಲ ಒದ್ದಿದ್ರೆ ಮುಂದೆ ಅವಳ ಗತಿ ಏನಾಗ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ನಂಗೆ ಹೊಳೆದಿದ್ದು ವಸುಧಾ ಮೇಡಂ ಕೇಳಿದ ಒಂದು ಪ್ರಶ್ನೆಯಿಂದ. ಅವರು ಜೆಪಿ ನಗರದವರು, ಐವತ್ತೆರಡು ವಯಸ್ಸು, ಬ್ಯಾಂಕ್ ಆಫೀಸರ್. ಕುದುರೆ ಕಲೀಬೇಕು ಅಂತ ಕಾಲೇಜು ದಿನದಿಂದ ಇದ್ದ ಆಸೇನ ಈಗ ತೀರಿಸ್ಕೊಳ್ತಿದ್ರು. ಪ್ರತಿ ಕ್ಲಾಸನ್ನೂ ಫೋನಲ್ಲಿ ವಿಡಿಯೋ ತೆಗೆದು ತಂಗಿಗೆ ಕಳಿಸೋ ಅಭ್ಯಾಸ. ಮಂಗಳವಾರ ನನ್ನ ಹಾರಾಟದ ವಿಡಿಯೋ ತೋರಿಸಕ್ಕೆ ಬಂದ್ರು. "ಪ್ರಸಾದ್, ಬೇಜಾರ್ ಮಾಡ್ಕೋಬೇಡಿ, ನಮ್ಮ ತಂಗಿ ಇದನ್ನ ಎಂಟು ಸಲ ನೋಡಿದ್ಲು" ಅಂದ್ರು. ಆಮೇಲೆ, "ಒಂದು ಡೌಟು. ನೀವು ಬಿದ್ದ ಮೇಲೆ ಅವಳು ಓಡೇ ಇಲ್ವಲ್ಲ? ಅಲ್ಲೇ ನಿಂತು ಬೆನ್ನು ಅಲ್ಲಾಡಿಸ್ತಿದ್ದಾಳೆ. ಕೊಬ್ಬಿದ್ರೆ ಒಂದು ರೌಂಡ್ ಮಜಾ ಮಾಡಲ್ವಾ?"

ನಾನು ಅದನ್ನ ಕೈಗೆ ಇಸ್ಕೊಂಡೆ. ಅವರ ಫೋನಲ್ಲಿ ಹಿಂದಿನ ಐದಾರು ವಾರದ ವಿಡಿಯೋ ಎಲ್ಲಾ ಇತ್ತು. ನಿಧಾನಕ್ಕೆ ಓಡಿಸಿ ನೋಡಿದ್ವಿ. ಪ್ರತಿ ಸಲ ಅದೇ ಕ್ಷಣ, ನಾನು ಭಾರ ಬಿಟ್ಟು ಕೂತಾಗ. ಪ್ರತಿ ಸಲ ಮೊದಲು ಬಾಲ ಚಾಟಿ ಥರ ಬೀಸುತ್ತೆ, ಬೆನ್ನು ಗಟ್ಟಿಯಾಗುತ್ತೆ, ಆಮೇಲೆ ಒದೆ. ಗೇಟಿನ ಹತ್ರ ಆದ್ರೂ ಅಷ್ಟೇ, ದೂರದ ಮೂಲೇಲಾದ್ರೂ ಅಷ್ಟೇ. ಜನ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ತುಂಟ ಕುದುರೆ ಜಾಗ ನೋಡುತ್ತೆ, ಸಮಯ ನೋಡುತ್ತೆ, ಮೇಲೆ ಕೂತವನ ಮುಖ ನೋಡುತ್ತೆ. ಇವಳು ಏನೂ ನೋಡ್ತಿರಲಿಲ್ಲ.

ಲಾಯದ ಹಿಂದೆ ಶರಣಪ್ಪಣ್ಣ ಸ್ಯಾಡಲ್ ಕೆಳಗೆ ಹಾಕೋ ಬಟ್ಟೆಗಳನ್ನ ಒಗೆಯೋ ಹೊತ್ತು. ಓಡಿದೆ.

"ಅಣ್ಣ, ಚಕ್ಲಿಗೆ ಬೆನ್ನು ನೋವೇನೋ ಅಂತ ಅನುಮಾನ."

ಅವರು ತಲೆ ಎತ್ತಲಿಲ್ಲ. ಇನ್ನೂ ಒಗೆಯದ ರಾಶಿಯಿಂದ ಒಂದು ಬಟ್ಟೆ ಎಳೆದು ನನ್ನ ಮುಂದೆ ಹಾಸಿದ್ರು. "ಇದು ಚಕ್ಲಿದು. ಇವತ್ತು ಮುಂಜಾನಿದು. ನೋಡ್ರಿ."

ಬಟ್ಟೆ ಪೂರ್ತಿ ಬೆವರಿಂದ ಒದ್ದೆ, ಮಣ್ಣಿನ ಬಣ್ಣ. ಆದ್ರೆ ಮುಂದುಗಡೆ, ಕುದುರೆಯ ಹೆಗಲ ದಿಬ್ಬದ ಎರಡೂ ಪಕ್ಕ ಬರೋ ಕಡೆ, ಅಂಗೈಯಷ್ಟಗಲ ಎರಡು ಜಾಗ ಒಣಗಿಕೊಂಡು ಬೆಳ್ಳಗಿತ್ತು.

"ಒಣಗಿದ್ರೆ ಒಳ್ಳೇದಲ್ವಾ?" ಅಂದೆ. ಏಳು ವರ್ಷದ ಅನುಭವ ನೋಡಿ ಹೆಂಗೆ ಮಾತಾಡ್ತು.

"ಮೈಯೆಲ್ಲಾ ಬೆವತು ಅಲ್ಲಿ ಮಾತ್ರ ಬೆವರಿಲ್ಲ ಅಂದ್ರ ಏನ್ರಿ ಅರ್ಥ? ಅಲ್ಲಿ ಅಷ್ಟು ಗಟ್ಟಿ ಒತ್ತಕತ್ತದ. ಬೆವರು ಬರಾಕೂ ಜಾಗ ಇಲ್ಲ."

"ಎಷ್ಟು ದಿನದಿಂದ ಹಿಂಗಿದೆ?"

"ಎರಡು ತಿಂಗಳ ಮ್ಯಾಲಾತು."

"ಅಯ್ಯೋ, ಒಂದು ಮಾತು ಹೇಳಬಾರದಿತ್ತಾ ಅಣ್ಣ?"

ಆಗ ತಲೆ ಎತ್ತಿದ್ರು. "ಹೇಳಿದ್ನಲ್ರಿ ಸರ. ಇದೇ ಬಟ್ಟಿ ತಂದು ತೋರಿಸಿದ್ನಿ. ನೀವು 'ಅಲ್ಲಲ್ಲಿ ಕಲೆ ಉಳಿದಿದೆ, ಸರಿಯಾಗಿ ಒಗೀರಿ' ಅಂದ್ರಿ."

ಹೊಸಬರಿಗೆ ಇದೊಂದು ಮಾತು ಹೇಳ್ತೀನಿ. ತೊಟ್ಟಿಗೆ ಬಿದ್ದಿದ್ದಕ್ಕಿಂತ ಜಾಸ್ತಿ ಒದ್ದೆಯಾಗಿದ್ದು ಆಗ.

ಟೆಂಪೋ ಬರಕ್ಕೆ ಉಳಿದಿದ್ದು ಆರು ದಿನ. ನಾನು, ಶರಣಪ್ಪಣ್ಣ, ವಸುಧಾ ಮೇಡಂ ಫೋನು, ಮೂವರೂ ಸೇರಿ ಶುರು ಮಾಡಿದ್ವಿ. ಮೊದಲು ಏನೂ ಹಾಕದೆ ಉದ್ದ ಹಗ್ಗದಲ್ಲಿ ಸುತ್ತ ಓಡಿಸಿದ್ವಿ. ಕ್ಯಾಂಟರ್ ಬೆಣ್ಣೆ. ಆಮೇಲೆ ಮಾಸ್ಟರ್ ಕೊಟ್ಟ ಸ್ಯಾಡಲ್ ಹಾಕಿ, ಮೇಲೆ ಯಾರೂ ಇಲ್ಲದೆ ಓಡಿಸಿದ್ವಿ. ಹೆಜ್ಜೆ ಚಿಕ್ಕದಾಯ್ತು, ಬಾಲ ಬೀಸಿದ್ಲು. ಅದನ್ನ ತೆಗೆದು ಬೇರೆ ಅಗಲವಾದ ಹಳೇ ಸ್ಯಾಡಲ್ ಹಾಕಿದ್ವಿ. ಪೂರ್ತಿ ಅಲ್ಲ, ಅರ್ಧ ಸರಿಹೋದ್ಲು. ಆಮೇಲೆ ಶರಣಪ್ಪಣ್ಣ ಬೆರಳಿನ ತುದೀಲಿ ಅಲ್ಲ, ಬೆರಳಿನ ಮೈಯಲ್ಲಿ, ನಿಧಾನಕ್ಕೆ ಬೆನ್ನಿನ ಉದ್ದಕ್ಕೂ ಒತ್ತಿಕೊಂಡು ಹೋದ್ರು. ದಿಬ್ಬದ ಹಿಂದೆ ಬಂದಾಗ ಅವಳ ಚರ್ಮ ಅಲೆ ಥರ ನಡುಗಿ ಬೆನ್ನು ಕೆಳಗೆ ಕುಸೀತು. ಮೂರು ಸಲ ಒತ್ತಿದ್ರು, ಮೂರು ಸಲಾನೂ ಅಲ್ಲೇ. ಬೆರಳಿನ ತುದೀಲಿ ಚುಚ್ಚಿದ್ರೆ ಯಾವ ಕುದುರೆಯಾದ್ರೂ ಬೆಚ್ಚುತ್ತೆ, ಅದನ್ನ ನೋವು ಅಂದ್ಕೋಬೇಡಿ. ನಾನು ಮೊದಲು ಹಂಗೇ ಚುಚ್ಚಿ, ಲಾಯದಲ್ಲಿದ್ದ ಒಂಬತ್ತು ಕುದುರೆಗೂ ಬೆನ್ನು ನೋವು ಅಂತ ಪತ್ತೆ ಹಚ್ಚಿದ್ದೆ.

ಕುದುರೆ ಡಾಕ್ಟರು ಬಂದು ಹಲ್ಲು, ಕಾಲು, ಹೊಟ್ಟೆ ಎಲ್ಲಾ ನೋಡಿದ್ರು. ಅವೆಲ್ಲ ಸರಿಯಿತ್ತು. ಬೆನ್ನು ಮುಟ್ಟಿ ನೋಡಿ, "ಈ ಸ್ಯಾಡಲ್ ಯಾವಾಗ ಅಳತೆ ನೋಡಿ ಹಾಕಿದ್ದು?" ಅಂದ್ರು.

"ಬಂದ ಹೊಸದರಲ್ಲಿ ನೋಡಿದ್ವಿ ಡಾಕ್ಟ್ರೇ. ಕರೆಕ್ಟಾಗಿ ಕೂತಿತ್ತು."

"ಆಗ ಇವಳಿಗೆ ಮೂರು ವರ್ಷ. ಈಗ ಭುಜ ನೋಡ್ರೀ, ಎಷ್ಟು ಅಗಲ ಆಗಿದೆ. ಎಂಟನೇ ಕ್ಲಾಸ್ ಯೂನಿಫಾರ್ಮ್ ಹಾಕಿ ಪಿಯುಸಿಗೆ ಕಳಿಸ್ತಿದೀರಲ್ಲ!"

ಒಂದೂವರೆ ತಿಂಗಳು ಯಾರೂ ಮೇಲೆ ಕೂರಬಾರದು, ಆಮೇಲೆ ನಿಧಾನಕ್ಕೆ ಶುರು ಮಾಡಿ, ಸರಿಹೋಗ್ತಾಳೆ ಅಂದ್ರು. ಸರಿಹೋಗ್ತಾಳೆ ಅನ್ನೋ ಮಾತು ಕೇಳಿ ಶರಣಪ್ಪಣ್ಣ ಅವಳ ಕಿವೀಲಿ ಏನೋ ಹೇಳಿದ್ರು. ನಮಗೆ ಹೇಳಲಿಲ್ಲ.

ಇನ್ನು ಕಷ್ಟದ ಕೆಲಸ. ಮಾಸ್ಟರಿಗೆ ಹೋಗಿ ಹೇಳಬೇಕು, ತಪ್ಪು ನಂದು ಅಂತ. ಅದು ಸುಲಭ, ಅಭ್ಯಾಸ ಇತ್ತು. ಒತ್ತುತ್ತಿರೋದು ನಿಮ್ಮ ಸ್ಯಾಡಲ್ ಅಂತ ಹೇಳಬೇಕಲ್ಲ! ಯಾರಿಗಾದ್ರೂ ಹೋಗಿ ನಿಮ್ಮ ಮದುವೆ ಉಂಗುರದಿಂದ ನಂಗೆ ತುರಿಕೆ ಬಂತು ಅಂದಂಗೆ. ಟೆಂಪೋ ಬರೋದಕ್ಕೆ ಎರಡು ದಿನ ಇತ್ತು. ಮಾಸ್ಟರ್ ಪ್ರತಿ ಶನಿವಾರ ಆ ಸ್ಯಾಡಲನ್ನ ತಾವೇ ಎಣ್ಣೆ ಹಾಕಿ ಉಜ್ಜೋರು. ಉಜ್ಜುತ್ತಾ ಕೂತಿದ್ದಾಗ ಎದುರಿಗೆ ನಿಂತು ಒಂದೇ ಉಸಿರಿಗೆ ಎಲ್ಲಾ ಒದರಿದೆ. ಬಟ್ಟೆ ತೋರಿಸಿದೆ, ವಿಡಿಯೋ ತೋರಿಸಿದೆ, ಡಾಕ್ಟರ ಮಾತು ಹೇಳಿದೆ.

ಮಾಸ್ಟರ್ ಎಣ್ಣೆ ಬಟ್ಟೆ ಕೆಳಗಿಟ್ಟರು. ಎದ್ದು, ಸ್ಯಾಡಲ್ ಎತ್ಕೊಂಡು ಹೋಗಿ, ಬಟ್ಟೆ ಇಲ್ಲದೆ ಹಂಗೇ ಚಕ್ಲಿ ಮೇಲೆ ಇಟ್ಟು ಕಟ್ಟಿದ್ರು. ಅವಳ ಕಿವಿ ಹಿಂದಕ್ಕೆ ಹೋಯ್ತು. ಮಾಸ್ಟರ್ ತಮ್ಮ ಬಲಗೈ ಚಪ್ಪಟೆ ಮಾಡಿ ಸ್ಯಾಡಲ್ ಮುಂಭಾಗದ ಕೆಳಗೆ, ಆ ಒಣಗಿದ ಜಾಗ ಬರೋ ಕಡೆ, ಒಳಗೆ ತೂರಿಸಿದ್ರು. ಪೂರ್ತಿ ಹೋಗಲಿಲ್ಲ. ಬೆರಳು ನಾಲ್ಕೂ ಹೋದ್ವು.

"ಹತ್ತು" ಅಂದ್ರು.

"ಬೇಡ ಮಾಸ್ಟರ್, ನಿಮ್ಮ ಕೈ..."

"ಹತ್ತು ಅಂದೆ."

ಹತ್ತಿದೆ, ಎಷ್ಟು ಹಗುರಾಗಿ ಆಗುತ್ತೋ ಅಷ್ಟು. ಶರಣಪ್ಪಣ್ಣ ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿದ್ರು. ಮಾಸ್ಟರ್ ಪಕ್ಕದಲ್ಲೇ ನಡೆದ್ರು, ಕೈ ತೆಗೆಯಲಿಲ್ಲ. ಮುಖದಲ್ಲಿ ಏನೂ ಕಾಣಲಿಲ್ಲ, ಮೀಸೆ ಒಂದು ಕಡೆ ಮಾತ್ರ ಸ್ವಲ್ಪ ಅಲ್ಲಾಡ್ತು.

"ಇಳಿ."

ಕೈ ಹೊರಗೆ ತೆಗೆದಾಗ ಬೆರಳ ಗಂಟಿನ ಮೇಲೆ ಕೆಂಪಗೆ ಗೆರೆ ಮೂಡಿತ್ತು. ಅದನ್ನ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಅದೇ ಕೈಯಲ್ಲಿ ಹೊಟ್ಟೆಪಟ್ಟಿ ಬಿಚ್ಚಿ, ಸ್ಯಾಡಲ್ ಇಳಿಸಿ, ತಮ್ಮ ಹಳೇ ಕಾರಿನ ಡಿಕ್ಕೀಲಿಟ್ಟು ಮುಚ್ಚಿದ್ರು. ನನ್ನ ಕಡೆ ತಿರುಗಲೇ ಇಲ್ಲ. ಹೋಗೋವಾಗ ಚಕ್ಲಿ ಕತ್ತು ಒಂದ್ಸಲ ತಟ್ಟಿದ್ರು.

ಸೋಮವಾರ ಮಡಿವಾಳದವರು ಟೆಂಪೋ ತಂದ್ರು. ಮಾಸ್ಟರ್ ಗೇಟಲ್ಲೇ ನಿಂತು, "ಕ್ಷಮಿಸಿ, ಕುದುರೆ ಕೊಡಕ್ಕಾಗಲ್ಲ" ಅಂದ್ರು.

"ಏನ್ ಸಾರ್, ಮಾತು ಕೊಟ್ಟಿದ್ರಿ."

"ಕೊಟ್ಟಾಗ ಅವಳಿಗೆ ಕೊಬ್ಬು ಅಂತ ತಿಳ್ಕೊಂಡಿದ್ದೆ. ನೋಡಿದ್ರೆ ಕೊಬ್ಬು ಇವನಿಗೆ. ಬೇಕಾದ್ರೆ ಇವನನ್ನ ಹತ್ತಿಸ್ಕೊಂಡು ಹೋಗಿ."

ಅವರು ನನ್ನನ್ನ ತಲೆಯಿಂದ ಕಾಲವರೆಗೂ ನೋಡಿ, "ಬಿಳಿ ಇಲ್ವಲ್ಲ ಸಾರ್" ಅಂದ್ರು. ಒಳ್ಳೇ ಮನುಷ್ಯರು. ಟೀ ಕುಡಿದು ಖಾಲಿ ಟೆಂಪೋ ತಗೊಂಡು ಹೋದ್ರು.

ಚಕ್ಲಿ ಒಂದೂವರೆ ತಿಂಗಳು ಮೇಯ್ದಳು, ನಡೆದಳು. ಆಮೇಲೆ ನೆಲದ ಮೇಲೆ ಬೊಂಬು ಹಾಕಿ ಅದರ ಮೇಲೆ ದಾಟಿಸ್ತಾ ದಾಟಿಸ್ತಾ ಬೆನ್ನಿಗೆ ಬಲ ತಂದ್ವಿ. ಅವಳ ಅಳತೆಗೆ ಸ್ಯಾಡಲ್ ಬಂತು. ಮೊದಲನೇ ಸಲ ಅದನ್ನ ತಂದಾಗಲೂ ಕಿವಿ ಹಿಂದಕ್ಕೆ ಹಾಕಿದ್ಲು. ನೋವು ಹೋದ್ರೂ ನೋವಿನ ನೆನಪು ತಕ್ಷಣ ಹೋಗಲ್ಲ, ಅದಕ್ಕೂ ಟೈಮ್ ಕೊಡಬೇಕು. ಇದನ್ನ ನಂಗೆ ಯಾರೂ ಹೇಳಿರಲಿಲ್ಲ. ಈಗ ನಿಮಗೆ ಹೇಳ್ತಿದೀನಿ, ನೀವು ತೊಟ್ಟಿಗೆ ಬೀಳೋದು ಒಂದು ಸಲ ಉಳೀತು.

ಅಷ್ಟಕ್ಕೆ ನಿಂತಿದ್ರೆ ನಾನು ಪ್ರಸಾದ ಅಲ್ಲ. ಚಕ್ಲಿ ಆದ ಮೇಲೆ ನಾನು ಬೆನ್ನಿನ ಸ್ಪೆಷಲಿಸ್ಟ್ ಆಗಿಬಿಟ್ಟೆ. ನಮ್ಮಲ್ಲಿ ನವಾಬ ಅಂತ ಒಬ್ಬನಿದ್ದ, ಹನ್ನೆರಡು ವರ್ಷದ ಹಳೇ ಕುಳ. ಕ್ಲಾಸಿಗೆ ಹೊರಟರೆ ಗೇಟ್ ಹತ್ರ ನಿಂತು ನಿಟ್ಟುಸಿರು ಬಿಟ್ಟು, ತಲೆ ತಗ್ಗಿಸಿ, ಒಂದು ಹೆಜ್ಜೆ ಕೀಳ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು. "ಪಾಪ, ಎಷ್ಟು ವರ್ಷದಿಂದ ಸಹಿಸ್ಕೊಂಡಿದಾನೋ" ಅಂತ ವಾರ ಪೂರ್ತಿ ರೆಸ್ಟ್ ಕೊಟ್ಟೆ, ಬಿಸಿನೀರ ಬಟ್ಟೆ ಒತ್ತಿದೆ, ದಿನಾ ಬೆಲ್ಲ ಕೊಟ್ಟೆ. ವಾರ ಆದ ಮೇಲೆ ನವಾಬ ಗೇಟಿನವರೆಗೂ ಬರೋದನ್ನೂ ಬಿಟ್ಟ, ಲಾಯದಲ್ಲೇ ನಿಟ್ಟುಸಿರು ಬಿಡಕ್ಕೆ ಶುರು ಮಾಡ್ದ.

ಶರಣಪ್ಪಣ್ಣ ನೋಡಿ ನೋಡಿ ಸಾಕಾಗಿ, "ಸರ, ಬೆನ್ನು ನೋವಿದ್ರ ಹೋಗೋವಾಗೂ ಇರಬೇಕು, ಬರೋವಾಗೂ ಇರಬೇಕು. ಇಂವ ಕ್ಲಾಸಿಗೆ ಹೋಗೋವಾಗ ಮುದುಕ, ವಾಪಸ್ ಬರೋವಾಗ ಲಾಸ್ಟ್ ಬಸ್ ಹಿಡಿಯಾವ್ರಂಗ ಓಡ್ತಾನ" ಅಂದ್ರು. ಡಾಕ್ಟರೂ ಬಂದು ನೋಡಿ ಬೆನ್ನಲ್ಲಿ ಏನೂ ಇಲ್ಲ ಅಂದ್ರು. ಹಂಗಂತ ಡಾಕ್ಟರಿಗೆ ತೋರಿಸೋದನ್ನ ಬಿಡಬೇಡಿ. ಮೊದಲು ನೋವು ಇಲ್ಲ ಅಂತ ಖಚಿತ ಮಾಡ್ಕೊಳ್ಳಿ, ಕೊಬ್ಬಿನ ವಿಷಯಕ್ಕೆ ಆಮೇಲೆ ಬನ್ನಿ. ನಾನು ಉಲ್ಟಾ ಹೋಗಿದ್ದೆ.

ಇನ್ನು ನನ್ನ ಬೆನ್ನಿನ ಕಥೆ. ಅಷ್ಟು ವರ್ಷ ಬಿದ್ದಿದ್ದೆಲ್ಲ ಸೇರಿ ಒಂದಿನ ಲೆಕ್ಕ ಕೇಳಕ್ಕೆ ಬಂತು. ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದಿದ್ದಕ್ಕೆ ಕಲಿಯೋರ ಮೇಲೆ ರೇಗ್ತಿದ್ದೆ, ಮನೇಲಿ ತಟ್ಟೆ ಕುಕ್ಕುತ್ತಿದ್ದೆ. ಅಮ್ಮ, "ಏನೋ ಇದು, ಈ ನಡುವೆ ನಿಂಗೆ ಕೊಬ್ಬು ಜಾಸ್ತಿ ಆಗಿದೆ" ಅಂದ್ಲು. ಮಾರನೇ ದಿನ ಕುದುರೆಯಿಂದ ಇಳಿದು ನಿಂತಾಗ ಶರಣಪ್ಪಣ್ಣ ಹಿಂದಿನಿಂದ ಬಂದು, ಕುದುರೆಗೆ ಒತ್ತಿದಂಗೇ ಬೆರಳಿನ ಮೈಯಲ್ಲಿ ನನ್ನ ಬೆನ್ನಿನುದ್ದಕ್ಕೂ ಒತ್ತಿಕೊಂಡು ಬಂದ್ರು. ಸೊಂಟದ ಹತ್ರ ಬಂದಿದ್ದೇ ತಡ, ನನ್ನ ಕಾಲು ತಾನಾಗೇ ಬಕೆಟ್ ಒದೀತು.

"ಒದ್ರಿ ನೋಡ್ರಿ" ಅಂದ್ರು. "ರಿಜಿಸ್ಟರ್ ತರ್ಲೇನ್ರಿ?"

ಸ್ಕ್ಯಾನ್ ಆಯ್ತು, ಬೆಲ್ಟ್ ಬಂತು. ಇನ್ನು ಕುದುರೆ ಹತ್ತಬಾರದು ಅಂದ್ರು ಡಾಕ್ಟರು. ನನ್ನ ಡಾಕ್ಟರು.

ಕೊನೇ ದಿನ ಖಾರಾಬನ್ನು, ಟೀ ತರಿಸಿದ್ರು. ಅಂಗಳದಲ್ಲಿ ವಸುಧಾ ಮೇಡಂ ಚಕ್ಲಿ ಮೇಲೆ ಕ್ಯಾಂಟರ್ ಹೋಗ್ತಿದ್ರು. ಚಕ್ಲಿ ಈಗ ಪೂರ್ತಿ ಬೆಳ್ಳಗಾಗ್ತಾ ಬಂದಿದಾಳೆ. ಮೇಡಂ ಭಾರ ಬಿಟ್ಟು ಕೂತರೂ ಬಾಲ ಸುಮ್ಮನಿತ್ತು, ಬೆನ್ನು ಉಯ್ಯಾಲೆ ಥರ ತೂಗ್ತಿತ್ತು. ಅವರ ತಂಗಿಗೆ ಇನ್ನು ನೋಡಿ ನಗಕ್ಕೆ ಏನೂ ಸಿಗಲ್ಲ ಅಂದ್ಕೊಂಡೆ. ಎಲ್ಲರೂ ಹೊರಗೆ ನೋಡ್ತಿದ್ದಾಗ ನಾನು ಆಫೀಸ್ ರೂಮಿಗೆ ಹೋಗಿ ಹಳೇ ರಿಜಿಸ್ಟರ್ ತೆಗೆದು, ನೀರಿನ ಕಲೆ ಇದ್ದ ಆ ಹಾಳೆ ಹುಡುಕಿ, ಹರಿಯಕ್ಕೆ ಅಂತ ಎರಡು ಬೆರಳಲ್ಲಿ ಹಿಡಿದೆ. ಹೊಸಬರು ಬರ್ತಾರೆ, ಅವರು ಇದನ್ನ ಓದೋದು ಬೇಡ ಅಂತ.

"ಬಿಡು ಅದನ್ನ." ಬಾಗಿಲಲ್ಲಿ ಮಾಸ್ಟರ್.

"ನಾಚಿಕೆ ಆಗುತ್ತೆ ಮಾಸ್ಟರ್."

ಅವರು ಬಂದು ಕುರ್ಚಿ ಎಳೆದು ಕೂತ್ರು. ಬಲಗೈ ಬೆರಳು ಮೇಜಿನ ಮೇಲಿಟ್ಟರು. "ನಾನು ಹರಿದಿದ್ದೆ ಕಣೋ, ಒಂದ್ಸಲ. ಪಡೆಯಲ್ಲಿದ್ದಾಗ. ಬಿಜಲಿ ಅಂತ ಇದ್ಲು, ಚಕ್ಲಿ ವಯಸ್ಸೇ. ಇದೇ ಸ್ಯಾಡಲ್. ನಾನೂ ನಿನ್ನ ಥರಾನೇ ಬರೆದೆ, ಅವಳನ್ನ ಕಳಿಸಿಬಿಟ್ರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಆಮೇಲೆ ಒಂದಿನ ಅನುಮಾನ ಬಂತು, ಅವಳಿಗೆ ಬೆನ್ನು ನೋವಿತ್ತೇನೋ ಅಂತ. ಬಂದ ತಕ್ಷಣ ಏನು ಮಾಡಿದೆ ಗೊತ್ತಾ? ಆ ಹಾಳೆ ಹರಿದು ಒಲೆಗೆ ಹಾಕಿದೆ. ಅದು ಇದ್ದಿದ್ರೆ ಅದನ್ನ ನೋಡಿದಾಗೆಲ್ಲ ನೆನಪಾಗ್ತಿತ್ತು. ನಾನು ಈ ಸ್ಯಾಡಲ್ ನಿನ್ನ ಕೈಗೆ ಕೊಡ್ತಾನೇ ಇರಲಿಲ್ಲ."

ನಾನು ಬೆರಳು ತೆಗೆದೆ. ಮಾಸ್ಟರ್ ಜೇಬಿಂದ ತಮ್ಮ ಪೆನ್ನು ತೆಗೆದು ಹಾಳೆ ಮೇಲಿಟ್ಟರು.

"ಕೆಳಗೆ ಅರ್ಧ ಪುಟ ಖಾಲಿ ಇದೆಯಲ್ಲ, ಆಮೇಲೆ ಏನಾಯ್ತು ಅಂತ ಪೂರ್ತಿ ಬರಿ. ತೊಟ್ಟಿದೂ ಬರಿ. ಹೊಸಬರು ಮೊದಲು ಚೆನ್ನಾಗಿ ನಗಲಿ. ಆಮೇಲೆ ಎದ್ದು ಹೋಗಿ ಬೆನ್ನು ಮುಟ್ಟಿ ನೋಡ್ತಾರೆ."